ಬಾಗಿನದ ಬಳೆಗೆ ಹೊರಟದ್ದು

ಬೆಳಿಗ್ಗೆ ಆರಕ್ಕೇ ಎದ್ದು ಸ್ಕೂಟರ್ ತೊಳೆದೆ. ಎಂಟಕ್ಕೆ ಇನ್ನೊಮ್ಮೆ ಒರೆಸಿದೆ. ನನ್ನವರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, ಆಯುಧಪೂಜೆಗೆ ಇನ್ನೂ ದಿನವಿದೆ ಎಂದು ನೆನಪಿಸಿದರು. ನಗಲಿ ಬಿಡಿ. ಮೂರು ವರ್ಷ ಹೊದಿಕೆಯಡಿ ಮಲಗಿದ್ದ ಗಾಡಿ, ಹೊಸ ಬ್ಯಾಟರಿ ಹಾಕಿಸಿದ್ದೇ ತಡ, ಮೊದಲ ಸಲಕ್ಕೇ ಸ್ಟಾರ್ಟ್ ಆದಾಗ ಇಡೀ ತ್ಯಾಗರಾಜನಗರಕ್ಕೆ ಕೇಳುವಂತೆ ಕೂಗಬೇಕೆನಿಸಿತ್ತು. ನನ್ನ ವಯಸ್ಸು ನೆನಪಾಗಿ ಸುಮ್ಮನಾಗಿದ್ದೆ.

ಈ ಸಡಗರಕ್ಕೆಲ್ಲ ಅಣ್ಣನ ಮಗಳ ಫೋನು ಕಾರಣ. ಈ ಗೌರಿಹಬ್ಬಕ್ಕೆ ನನಗೆ ತವರಿನ ಬಾಗಿನವನ್ನು ಅಣ್ಣನ ಪರವಾಗಿ ಅವಳೇ ತರುತ್ತಾಳಂತೆ, ಮೊರದಲ್ಲಿಡುವ ಬಳೆಯನ್ನು ಬಳೇಪೇಟೆಯಲ್ಲೇ ಕೊಳ್ಳಬೇಕಂತೆ, ಅದಕ್ಕೆ ನನ್ನ ಸ್ಕೂಟರಿನಲ್ಲೇ ಹೋಗಬೇಕಂತೆ. ಹ್ಞೂಂ ಎಂದು ಫೋನಿಟ್ಟವಳು ಅಡುಗೆಮನೆಯಲ್ಲೇ ಎರಡು ಸುತ್ತು ಹಾಕಿದೆ. ಖುಷಿಗೋ ಭಯಕ್ಕೋ, ನನಗೇ ತಿಳಿಯಲಿಲ್ಲ.

ಮೊದಲು ಬಾಗಿನ ತರುತ್ತಿದ್ದವರು ಅತ್ತಿಗೆ, ಈ ಹುಡುಗಿಯ ತಾಯಿ. ಪ್ರತಿವರ್ಷ ನಾವಿಬ್ಬರೂ ಇದೇ ಗಾಡಿಯಲ್ಲಿ ಬಳೆ ಆರಿಸಲು ಹೋಗುತ್ತಿದ್ದೆವು. ಗಾಡಿ ತೆಗೆಯುವ ಮುಂಚೆ ನಾನು "ಅತ್ತಿಗೆ, ಸೆರಗು" ಅನ್ನಬೇಕು. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ "ಆಯ್ತು, ನಡಿ" ಅನ್ನಬೇಕು. ಎಷ್ಟೋ ವರ್ಷ ತಪ್ಪದೆ ನಡೆದ ಮಾತು ಅದು. ಮೂರು ವರ್ಷದ ಹಿಂದೆ, ಆ ಸಲ ವಾಪಸ್ಸು ಹೊರಟಾಗ ಅವರು ಗಾಜಿನ ಬಳೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದರು. ನಾನು ಬೆಲೆ ಇಳಿಸದ ಅಂಗಡಿಯವನನ್ನು ಬೈಯುವುದರಲ್ಲಿದ್ದೆ. ಸೆರಗಿನ ಮಾತು ಎತ್ತಲೇ ಇಲ್ಲ. ಚಾಮರಾಜಪೇಟೆ ದಾಟುವಾಗ ಅವರ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿತು. ಮೂರನೆಯ ದಿನ ಅತ್ತಿಗೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಬಂದವರೆಲ್ಲ ಹಣೆಬರಹ ಎಂದರು. ಹಣೆಬರಹವಂತೆ! ಗಾಡಿ ಓಡಿಸುತ್ತಿದ್ದವಳು ನಾನು. ಆ ದಿನ ಸೆರಗಿನ ಬಗ್ಗೆ ಎಚ್ಚರಿಸಲಿಲ್ಲ ಎಂಬುದನ್ನು ಅಣ್ಣನಿಗೂ ಹೇಳದೆ ನುಂಗಿಕೊಂಡೆ. ಯಾರಾದರೂ ಸೀರೆಯ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಎದ್ದು ಒಳಗೆ ಹೋಗುತ್ತಿದ್ದೆ. ಮೊದಲ ವರ್ಷ ಸೂತಕದ ಮನೆ, ಹಬ್ಬವಿಲ್ಲ. ಆಮೇಲೂ ಬಾಗಿನ ಬರಲಿಲ್ಲ. ಯಾಕೆಂದು ಕೇಳುವ ಮುಖ ನನಗಿರಲಿಲ್ಲ.

ಒಂಬತ್ತೂವರೆಗೆ ಹುಡುಗಿ ಬಂದಳು. ಚೂಡಿದಾರ್, ಮೊಣಕಾಲಿನ ಕೆಳಗೆ ಇಳಿಬಿದ್ದ ವೇಲು. ನಾನು ಶೇಷಾದ್ರಿಪುರದಿಂದ ಬಸ್ಸು ಸಿಕ್ಕಿತಾ, ತಿಂಡಿ ಆಯಿತಾ, ಹೆಲ್ಮೆಟ್ ಬಿಗಿಯಾಯಿತಾ ಎಂದು ಉಸಿರು ಬಿಡದೆ ಮಾತಾಡಿದೆ. ಅವಳು ಹಿಂದೆ ಹತ್ತಿ ಕೂತಳು. ಎಂಜಿನ್ ಶುರುವಾಯಿತು.

"ವೇಲು ಸಿಕ್ಕಿಸ್ಕೊಂಡ್ಯಾ?" ಎಂದೆ. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ, ಆಗಲಿಲ್ಲ. "ಅವತ್ತು ನಿಮ್ಮಮ್ಮಂಗೆ ಸೆರಗು ಅಂತ ಹೇಳ್ಲಿಲ್ಲ ಕಣೇ ನಾನು."



"ಗೊತ್ತು ಅತ್ತೆ. ಅಮ್ಮ ಆಸ್ಪತ್ರೇಲೇ ಹೇಳಿದ್ಲು. 'ಬಳೆ ಬೀಳತ್ತೆ ಅಂತ ನಾನೇ ಸೆರಗು ಬಿಟ್ಟೆ, ನಿಮ್ಮತ್ತೆ ಬಾಗಿನ ಮಾತ್ರ ತಪ್ಪಿಸ್ಬೇಡ' ಅಂದ್ಲು. ತಪ್ಪಿಸಿದ್ದು ನಾನು. ಅಪ್ಪ ಕೇಳಿದ್ರೂ ಬೇಡ ಅಂದೆ. ನಿಮ್ಮೇಲೆ ಅಷ್ಟು ಕೋಪ ಇತ್ತು."

ಕನ್ನಡಿಯಲ್ಲಿ ಅವಳ ಹೆಲ್ಮೆಟ್ಟಷ್ಟೇ ಕಾಣುತ್ತಿತ್ತು. "ಈಗ?" ಎಂದೆ.

"ಇನ್ನೂ ಸ್ವಲ್ಪ ಇದೆ. ನಡೀರಿ, ಬಿಸಿಲಾಗತ್ತೆ."

ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಮೂರು ವರ್ಷದಲ್ಲಿ ನನ್ನ ಹತ್ತಿರ ನಿಜ ಹೇಳಿದವಳು ಇವಳೊಬ್ಬಳೇ. ಇಳಿದು ಅವಳ ವೇಲನ್ನು ನಾನೇ ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ಕಣ್ಣೊರೆಸಿಕೊಂಡು ಮತ್ತೆ ಕೂತು ಆಕ್ಸಿಲರೇಟರ್ ತಿರುಗಿಸಬೇಕು, ಅಷ್ಟರಲ್ಲಿ ನನ್ನ ಹೆಗಲ ಮೇಲೆ ಅವಳ ಕೈ ಬಿತ್ತು.

"ಅತ್ತೆ, ನಿಮ್ ಸೆರಗು."

ನೋಡಿದರೆ ಅದು ಗಾಡಿಯ ಪಕ್ಕಕ್ಕೆ ಜೋತುಬಿದ್ದಿತ್ತು. ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿ, "ಆಯ್ತು" ಎಂದೆ.

"ನಡೀರಿ" ಎಂದಳು.