ತಬ್ಬಲಿ ಆನೆಮರಿಗಳ ಹಾಲಮ್ಮ

ಬೆಳಗಿನ ಐದು ಗಂಟೆ. ಜಾಂಬಿಯಾದ ಕಾಫುವೆ ಕಾಡಿನ ಅಂಚಿನಲ್ಲಿರುವ ಹಾಲಿನ ಕೋಣೆಯಲ್ಲಿ ಚೋಲ್ವೆ ಹಮುಸೊಂಡೆ ದೊಡ್ಡ ಸೌಟು ಹಿಡಿದು ಹಾಲು ಕಲಸುತ್ತಿದ್ದಾರೆ. ಬಿಸಿನೀರಿಗೆ ಹಾಲಿನ ಪುಡಿ, ಮೇಲೊಂದಿಷ್ಟು ತೆಂಗಿನೆಣ್ಣೆ, ಕೊಂಚ ದೊಡ್ಡ ಮರಿಗಳ ಪಾಲಿಗೆ ಮೆಕ್ಕೆಜೋಳದ ತೆಳು ಗಂಜಿ. ಮುಂಗೈ ಒಳಬದಿಗೆ ಒಂದು ತೊಟ್ಟು ಬಿಟ್ಟುಕೊಂಡು ಬಿಸಿ ನೋಡುತ್ತಾರೆ. ಹೊರಗೆ ತಾಯಿ ಇಲ್ಲದ ಒಂಬತ್ತು ಆನೆಮರಿಗಳು ಬಾಗಿಲು ಗುದ್ದುತ್ತಿವೆ.

"ಬಂದೆ ಕಣ್ರೋ! ನಿಮ್ಮಪ್ಪನ ಮನೆ ಬಾಗಿಲಾ ಅದು?"

ಗುದ್ದು ನಿಲ್ಲುವುದಿಲ್ಲ. ಅವರ ನಗುವೂ ನಿಲ್ಲುವುದಿಲ್ಲ.

ಮೂರು ತಿಂಗಳ ಸ್ವಯಂಸೇವೆಗೆಂದು ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬಂದವಳು ನಾನು. ಹೋಗಲು ಮನಸ್ಸಾಗಲಿಲ್ಲ. ಈ ಆಶ್ರಯಧಾಮಕ್ಕೆ ಬರುವವರು ಮರಿಗಳ ಚಿತ್ರ ತೆಗೆಯುತ್ತಾರೆ, ಡಾಕ್ಟರ ಕೈ ಕುಲುಕುತ್ತಾರೆ. ಹಾಲಿನ ಕೋಣೆಯ ಕಡೆ ಯಾರೂ ಬರುವುದಿಲ್ಲ. ಬಂದರೂ ಬಾಚೋಲ್ವೆ ಅವರನ್ನು ಸ್ವಾಗತಿಸುವುದು ಒಂದೇ ಮಾತಿನಿಂದ: "ಕೈ ತೊಳ್ಕೊಂಡ್ರಾ?" ಇಲ್ಲಿ ಹಿರಿಯರ ಹೆಸರಿನ ಮುಂದೆ ಗೌರವಕ್ಕೆ 'ಬಾ' ಸೇರಿಸುವುದು ರೂಢಿ. ಕನ್ನಡದ ಕಿವಿಗೆ ಅದು ದಿನವಿಡೀ ಯಾರೋ ಕರೆದಂತೆಯೇ ಕೇಳಿಸುತ್ತದೆ.

ದಿನಕ್ಕೆ ಅರವತ್ತು ಬಾಟಲಿ ಹಾಲು. ಚಿಕ್ಕವಕ್ಕೆ ಮೂರು ಗಂಟೆಗೊಮ್ಮೆ. ಪ್ರತಿ ಬಾಟಲಿಯನ್ನೂ ಪ್ರತಿ ಸಲವೂ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಬೇಕು. ಒಂದೇ ಒಂದು ಕೊಳೆಯಾಗಿ ಉಳಿದರೂ ಮರಿಗೆ ಭೇದಿ ಹತ್ತಿ ಎರಡೇ ದಿನದಲ್ಲಿ ಕೈತಪ್ಪುತ್ತದೆ. ಐವತ್ತೇಳರ ಬಾಚೋಲ್ವೆಯ ಬೆರಳುಗಳ ಚರ್ಮ ಸುಲಿದಿದೆ, ಸೊಂಟ ಹಿಡಿದಿದೆ. ಈ ಕೈಯಲ್ಲಿ ಹಾಲು ಕುಡಿದೂ ಬದುಕದೆ ಹೋದ ಮರಿಗಳು ಐದು. ಅವನ್ನು ಹೂಳಿದ ದಿನವೂ ಉಳಿದವುಗಳ ಹಾಲಿನ ಹೊತ್ತು ತಪ್ಪಿಲ್ಲ.

ಊರಿನಲ್ಲಿ ಇದಕ್ಕೆ ಮೆಚ್ಚುಗೆ ಇದೆಯೆಂದಲ್ಲ. ಅವರ ಮನೆಯ ಹೊಲವನ್ನೇ ಆನೆಗಳು ಒಂದು ವರ್ಷ ಪೂರ್ತಿಯಾಗಿ ತುಳಿದುಹಾಕಿದ್ದವು. ನಾದಿನಿ ಮಾಯಿಂಜಾ ಇವತ್ತಿಗೂ ಚುಚ್ಚುತ್ತಾಳೆ: "ನಮ್ಮ ಜೋಳ ತಿಂದೋರ ಮಕ್ಕಳಿಗೆ ಹಾಲೆರೀತೀಯಲ್ಲ, ನಾಚಿಕೆ ಆಗಲ್ವಾ ಅತ್ತಿಗೆ?"

"ತಿಂದಿದ್ದು ತಾಯಿ, ಹಸ್ದಿರೋದು ಮಗು," ಎನ್ನುತ್ತಾರೆ ಬಾಚೋಲ್ವೆ. "ಜಗಳ ಆಡ್ಬೇಕಾದ್ರೆ ತಾಯಿ ಹತ್ರ ಹೋಗು. ಅವಳು ಗುಂಡೇಟಿಗೆ ಸತ್ತು ಬಿದ್ದಿದ್ದಾಳೆ."

ಆರು ವರ್ಷದ ಹಿಂದೆ ನಮ್ವಾಲಾದ ಕಡೆಯಿಂದ ಬಂದ ಮರಿಯ ತಾಯಿಗೂ ಅದೇ ಗತಿಯಾಗಿತ್ತು. ಬತ್ತುತ್ತಿದ್ದ ಹೊಂಡದ ಕೆಸರಿನಲ್ಲಿ ಹೂತಿದ್ದ ನಾಲ್ಕು ತಿಂಗಳ ಹೆಣ್ಣುಮರಿಯನ್ನು ಊರವರು ಎಳೆದು ತೆಗೆದಿದ್ದರು. ಊರಿನ ಹೆಸರನ್ನೇ ಅದಕ್ಕಿಟ್ಟೆವು. ಎರಡು ದಿನ ನಮ್ವಾಲಾ ಬಾಟಲಿಗೆ ಬಾಯಿ ಹಾಕಲಿಲ್ಲ. ನಾನು ಎದುರು ಮಂಡಿಯೂರಿ ಕೂತು ಬೇಡಿಕೊಂಡೆ. ತಲೆಯಿಂದ ನೂಕಿ ಬೀಳಿಸಿತು. ಇಲ್ಲಿನ ಪಶುವೈದ್ಯ ಡಾಕ್ಟರ್ ಕಬಾಂಡಾ ಅದರ ಕಿವಿಯ ನರಕ್ಕೆ ಡ್ರಿಪ್ ಹಾಕಿ, "ನಾಳೆವರೆಗೂ ಉಳಿಯೋದು ಕಷ್ಟ," ಎಂದರು.

ಮೂರನೆಯ ಬೆಳಗ್ಗೆ ಬಾಚೋಲ್ವೆ ಕೈ ಒರೆಸಿಕೊಳ್ಳುತ್ತ ಬಂದು ಬೇಲಿಗೆ ಒರಗಿ ಬಹಳ ಹೊತ್ತು ನಿಂತರು. ಮರಿ ತೂರಾಡುತ್ತ ಮತ್ತೆ ಮತ್ತೆ ನೀರಿನ ತೊಟ್ಟಿಯ ತಗಡಿನ ಚಾವಣಿ ಕೆಳಗೆ ಹೋಗಿ ಸೊಂಡಿಲೆತ್ತಿ ಏನನ್ನೋ ತಡಕುತ್ತಿತ್ತು.

"ಮಗಳೇ, ಲಾರಿ ತಡೆಯೋ ಪೊಲೀಸರ ಥರ ಎದುರಿಗೆ ನಿಂತ್ರೆ ಅದು ಹೇಗೆ ಕುಡಿಯುತ್ತೆ? ಅದಕ್ಕೆ ಅಮ್ಮ ಅಂದ್ರೆ ಮುಖ ಅಲ್ಲ. ತಲೆ ಮೇಲಿರೋ ಹೊಟ್ಟೆ."

"ಹಾಲಿನ ಕೋಣೆಯವರೂ ಡಾಕ್ಟರಾದ್ರಾ?" ಎಂದು ಕಬಾಂಡಾ ರೇಗಿಸಿದರು.

"ನಾನು ಐದು ಹೆತ್ತಿದ್ದೀನಿ. ನೀವೆಷ್ಟು ಹೆತ್ರಿ?"

ತಮ್ಮ ಹಾಸಿಗೆಯ ಬೂದು ಕಂಬಳಿ ತಂದು, ನೀರಿನಲ್ಲಿ ನೆನೆಸಿ, ಮರಿಯ ತಲೆಗಿಂತ ತುಸು ಎತ್ತರಕ್ಕೆ ಎರಡು ಗೂಟಗಳ ನಡುವೆ ಕಟ್ಟಿಸಿದರು. ತಾವು ಹಿಂದೆ ನೆಲಕ್ಕೆ ಕೂತು, ಬಾಟಲಿಯ ತುದಿ ಮಾತ್ರ ಕಾಣುವಂತೆ ಕಂಬಳಿಯಡಿಯಿಂದ ಚಾಚಿದರು. ನಮ್ವಾಲಾ ಬಂತು. ಸೊಂಡಿಲನ್ನು ಕಂಬಳಿಗೊತ್ತಿ ಉಜ್ಜಿತು. ಆಮೇಲೆ ಕೇಳಿದ್ದು ಚಪ್ಪರಿಸುವ ಸದ್ದು. ಎರಡು ಲೀಟರ್ ಒಂದೇ ಉಸಿರಿಗೆ! ಕಬಾಂಡಾ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನಾನು ಬೇಲಿಯಾಚೆ ಕೂತು ಅತ್ತುಬಿಟ್ಟೆ.

ಅಂದಿನಿಂದ ಹೊಸ ಮರಿ ಬಂದಾಗಲೆಲ್ಲ ಮೊದಲು ಕಂಬಳಿ ಕಟ್ಟುತ್ತೇವೆ.

ಕಳೆದ ಆಗಸ್ಟ್‌ನಲ್ಲಿ, ಬೆಳೆದ ಮರಿಗಳನ್ನು ಬಿಡುವ ಕಾಡಿಗೆ ಬಾಚೋಲ್ವೆಯನ್ನು ಮೊದಲ ಸಲ ಕರೆದೊಯ್ದೆವು. ಮಧ್ಯಾಹ್ನ ಹೊಳೆಯಾಚೆ ಕಾಡಾನೆಗಳ ಹಿಂಡು ನೀರಿಗಿಳಿಯಿತು. ಅದರ ನಡುವೆ, ನಾವು ಹಿಂದೆ ಅಲ್ಲಿಗೆ ಬಿಟ್ಟಿದ್ದ ನಮ್ವಾಲಾ ಇತ್ತು. ಬಾಚೋಲ್ವೆ ದಡಕ್ಕಿಳಿದು ಎರಡು ಸಲ ಹೆಸರು ಕೂಗಿದರು. ಆನೆ ತಲೆಯೆತ್ತಿ ನೋಡಿ, ಕಿವಿ ಬೀಸಿ, ಹಿಂಡಿನ ಹಿರಿಯಳ ಬೆನ್ನಿಗೆ ಅಂಟಿಕೊಂಡು ಹೊರಟೇಹೋಯಿತು. ಬಾಚೋಲ್ವೆ ತಿರುಗಿದಾಗ ಕಣ್ಣು ತುಂಬಿತ್ತು, ಬಾಯಿ ಅಗಲಕ್ಕೆ ನಗುತ್ತಿತ್ತು.

"ನೋಡಿದ್ಯಾ ಕಳ್ಳೀನ? ಅವಳಿಗೆ ಅಮ್ಮ ಸಿಕ್ಕಿದ್ದಾಳೆ."

ನಿಮಗೆ ಇನ್ನೇನು ಬೇಕು ಎಂದು ಈ ಲೇಖನಕ್ಕಾಗಿ ಕೇಳಿದೆ. ಬಾಟಲಿ ಕವುಚಿಡುತ್ತಲೇ ಹೇಳಿದರು.

"ಹದಿನಾಲ್ಕು ಕಾಡಿಗೆ ಹೋದ್ವು, ಹದಿನಾಲ್ಕೂ ನನ್ನನ್ನ ಮರೆತ್ವು. ಈ ಒಂಬತ್ತೂ ಹಾಗೇ ಮರೀಲಿ. ನನಗಷ್ಟು ಸಾಕು."