ಮರಿಸೆಲ್ ಹಾಡಿದ ಅರ್ಧ ಸಾಲು

ಕಳೆದ ಶುಕ್ರವಾರ ಮಧ್ಯಾಹ್ನ ಇಲ್ಲಿ ಕೊಲ್ಲಿ ನಾಡಿನ ಹೂರಾದ ಒಂದು ಹಾಲ್‌ನಲ್ಲಿ ನಾನೊಂದು ಹಾಡನ್ನು ಅರ್ಧಕ್ಕೇ ಮುಗಿಸಿಬಿಟ್ಟೆ. ಹಾಡುತ್ತಿದ್ದವಳು ಮರಿಸೆಲ್. ಮುಗಿಸಿದವನು ನಾನು.

ನಮ್ಮ ಕನ್ನಡ ಬಳಗದ ಕಾರ್ಯಕ್ರಮ. ಬೇರೆ ದೇಶದವರನ್ನು ಕರೆದು ಅವರ ಕಲೆ ನೋಡುವುದು, ಆಮೇಲೆ ಬಿರಿಯಾನಿ ತಿನ್ನುವುದು. ನಿರೂಪಣೆ ನನ್ನ ತಲೆಗೆ. (ಚಿಂತೆ ಮಾಡುವವನಿಗೇ ಜವಾಬ್ದಾರಿ ಕೊಡಬೇಕಂತೆ. ಉಳಿದವರು ಆರಾಮಾಗಿರಬಹುದಲ್ಲ!)

ಸಿತ್ರಾದ ನಮ್ಮ ಆಫೀಸಿನಲ್ಲಿ ಮರಿಸೆಲ್ ನನ್ನ ಪಕ್ಕದ ಟೇಬಲ್. ಫಿಲಿಪ್ಪೀನ್ಸಿನ ಇಫುಗಾವೊ ಎಂಬ ಬೆಟ್ಟದ ಸೀಮೆಯವಳು. ಅಲ್ಲಿ ಭತ್ತ ಕೊಯ್ಯುವಾಗ ಹೆಂಗಸರು ವೀರರ ಕಥೆ ಹಾಡುತ್ತಾರೆ. ಹುಡ್‌ಹುಡ್ ಎಂದು ಅದರ ಹೆಸರು. ಅವಳ ಅಮ್ಮ ಊರಿಗೇ ದೊಡ್ಡ ಹಾಡುಗಾರ್ತಿ, ಈಗ ಹಾಸಿಗೆ ಹಿಡಿದಿದ್ದಾರೆ. ಆರು ಮಕ್ಕಳಲ್ಲಿ ಹಾಡು ಕಲಿತವಳು ಇವಳೊಬ್ಬಳೇ. ಮಗಳು ಜನರ ನಡುವೆ ನಿಂತು ಹಾಡುವುದನ್ನು ಒಮ್ಮೆ ನೋಡಬೇಕೆಂದು ಆ ತಾಯಿಯ ಹಟ.

ಬಳಗದ ಅಧ್ಯಕ್ಷರಾದ ಶೆಟ್ರು ಕೇಳಿದ ಕೂಡಲೇ ಹೇಳಿದರು, "ಎಂತದು ಮಾರಾಯ್ರೆ, ಯಾರಿಗೆ ಅರ್ಥ ಆಗ್ತದೆ? ಬಿದಿರಿನ ಡ್ಯಾನ್ಸ್ ಮಾಡ್ಲಿಕ್ಕೆ ಹೇಳಿ, ಮಕ್ಕಳಿಗೂ ಖುಷಿ. ಹಾಡೇ ಬೇಕಾದ್ರೆ ನಾಲ್ಕು ನಿಮಿಷ."

ಮರಿಸೆಲ್‌ಗೆ ಬೇರೆಯದೇ ಸಂಕಟ. "ಸರ್, ಇದು ಸೋಲೋ ಅಲ್ಲ. ಅರ್ಧ ಸಾಲು ನಾನು, ಉಳಿದರ್ಧ ಸುತ್ತ ಇರುವ ಹೆಂಗಸರು. ನನ್ನ ಜೊತೆ ಇಬ್ಬರಿದ್ದರು. ಒಬ್ಬಳ ವೀಸಾ ಮುಗೀತು, ಇನ್ನೊಬ್ಬಳು ಕೆನಡಾಕ್ಕೆ ಹೋದಳು."

"ಹೇಗಾದ್ರೂ ಅಡ್ಜಸ್ಟ್ ಮಾಡಿ" ಅಂದೆ. ನನ್ನ ತಲೆಯಲ್ಲಿ ಮೈಕಿನ ಬ್ಯಾಟರಿಯ ಚಿಂತೆ. (ಜೇಬಲ್ಲಿ ಎರಡು ಎಕ್ಸ್‌ಟ್ರಾ ಸೆಟ್ ಇತ್ತು.)

ಶುಕ್ರವಾರ ಅವಳು ಹಾಡಿದಳು. ಉದ್ದದ ಸಾಲೊಂದನ್ನು ಎಳೆದು, ನಡುವೆ ನಿಂತಳು. ಕಾದಳು. ಹಾಲ್ ಪೂರ್ತಿ ನಿಶ್ಶಬ್ದ. ನಾನೇನು ಮಾಡಿದೆ ಗೊತ್ತೇ? ಚಪ್ಪಾಳೆ ತಟ್ಟಿದೆ! ಎಲ್ಲರೂ ತಟ್ಟಿದರು. "ವಂಡರ್‌ಫುಲ್! ಮುಂದಿನ ಐಟಂ..." ಎಂದೆ. ಅವಳು ತಲೆಬಾಗಿ ಇಳಿದುಹೋದಳು.

ಅರ್ಧ ಸಾಲು ಎಂದು ಹೇಳಿರಲಿಲ್ಲವೇ? ಹೇಳಿದ್ದಳು.

"ನೀವು ಮೈಕ್ ಹಿಡಿದ್ರೆ ಯಾರ ಬಾಯಿಯಾದ್ರೂ ಮುಚ್ತದೆ" ಎಂದಳು ಮೆಟ್ಟಿಲ ಬಳಿ ನಿಂತಿದ್ದ ಹೆಂಡತಿ.

ವೇದಿಕೆಯಿಂದ ಕೆಳಗೆ ಬಂದು ನೋಡಿದರೆ ಮೊದಲ ಸಾಲಿನಲ್ಲಿ ಮರಿಸೆಲ್‌ಳ ರೂಮ್‌ಮೇಟ್ ಫೋನ್ ಎತ್ತಿ ಹಿಡಿದು ಕೂತಿದ್ದಾಳೆ. ವಿಡಿಯೋ ಕಾಲ್‌ನಲ್ಲಿ, ದಿಂಬಿಗೆ ಒರಗಿದ ಮುದುಕಿ. ತುಟಿ ಇನ್ನೂ ಆಡುತ್ತಿದೆ.

"ಉಳಿದರ್ಧ ಮರಿಸೆಲ್ ಅಮ್ಮ ಹಾಡ್ತಾ ಇದ್ರು, ಸರ್" ಎಂದಳು ರೂಮ್‌ಮೇಟ್. "ಫೋನೆಲ್ಲ ಸೈಲೆಂಟ್ ಮಾಡಿ ಅಂತ ನೀವು ಅನೌನ್ಸ್ ಮಾಡಿದ್ರಲ್ಲ? ಸೌಂಡ್ ಆಫ್ ಮಾಡಿದ್ದೆ."

ಹಾಡುವವರಿಲ್ಲದೆ ಹಾಡುಗಳು ಸಾಯುತ್ತಿವೆ ಎಂದು ನಾವು ಭಾಷಣ ಮಾಡುತ್ತೇವೆ. ಇಲ್ಲಿ ಹಾಡುವವಳಿದ್ದಳು. ದನಿಗೂಡಿಸುವವರೂ ಇದ್ದರು. ನಮಗೆ ಬಿರಿಯಾನಿ ತಣ್ಣಗಾಗುತ್ತಿತ್ತು. ನನ್ನಜ್ಜಿ ಭತ್ತದ ನೇಜಿ ನೆಡುತ್ತಾ ಓಬೇಲೆ ಪದ ಹಾಡಿದರೆ ಗದ್ದೆಯ ಹೆಂಗಸರೆಲ್ಲ ದನಿಗೂಡಿಸುತ್ತಿದ್ದರು. ಬದುವಿನ ಮೇಲೆ ಕೂತು ಕೇಳಿದವನು ನಾನು. ನನಗೇ ಆ ಮೌನ ತಿಳಿಯಲಿಲ್ಲ ಎಂದರೆ ಇನ್ನಾರಿಗೆ ತಿಳಿದೀತು? ಅಜ್ಜಿಯ ಹಾಡಿನ ಒಂದು ಸಾಲೂ ಈಗ ನೆನಪಿಲ್ಲ.

ಭಾನುವಾರ ಆಫೀಸಿನಲ್ಲಿ ಕ್ಷಮೆ ಕೇಳಿದೆ. "ಮುಂದಿನ ವರ್ಷ ಅರ್ಧ ಗಂಟೆ ಕೊಡುವ. ನಮ್ಮ ಹೆಂಗಸರಿಗೇ ಕಲಿಸಿ."

ಮರಿಸೆಲ್ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಡಾಕ್ಟರ್ ಅಮ್ಮನಿಗೆ ಅಷ್ಟು ಟೈಮ್ ಕೊಟ್ಟಿಲ್ಲ, ಸರ್."

ಒಂದು ವರ್ಷ ತಡೆಯಿರಿ ಎಂದು ಆ ತಾಯಿಗೆ ನಿಮ್ಮಲ್ಲಿ ಯಾರು ಹೇಳುತ್ತೀರಿ?