ಎಡಗೈಯ ಗಂಟು

ದೆವ್ವ ಭೂತ ಎಂದರೆ ನಗುತ್ತಿದ್ದವನು ನಾನು. ಕಲ್ಕತ್ತೆಯ ಸೆಣಬಿನ ಕಚೇರಿಯಲ್ಲಿ ನಾರಿನ ಎಳೆಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸುವುದು ನನ್ನ ಉದ್ಯೋಗ. ಕಣ್ಣಿಗೆ ಕಾಣದ್ದನ್ನು ನಂಬುವ ಅಭ್ಯಾಸವೇ ಇರಲಿಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಅರವತ್ತರ ದಶಕದ ಕೊನೆಯಲ್ಲಿ ನನ್ನ ತಮ್ಮ ವಾಸು ಕಾಳಿಘಾಟಿನ ನಮ್ಮ ಬಾಡಿಗೆ ಮನೆಯಲ್ಲೇ ಇದ್ದ. ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಅಲೆದಲೆದು ಕೊನೆಗೂ ಒಂದು ಸರಕು ಹಡಗಿನಲ್ಲಿ ಕೆಲಸ ಗಿಟ್ಟಿಸಿದ. "ಪೂಜೊಗೆ ಬತ್ತೆ ಅಮ್ಮ, ಬಾಗ್ಲಿಗೆ ಚಿಲ್ಕ ಹಾಕ್ಬೇಡಿ" ಎಂದು ನಗುತ್ತಾ ಹೊರಟ. ದುರ್ಗಾಪೂಜೆ ಬಂತು, ಅವನು ಬರಲಿಲ್ಲ. ಪೆಸಿಫಿಕ್ ಸಾಗರದ ನಡುವೆ ಕಾಣೆಯಾಗಿದ್ದಾನೆ, ನೀರಿಗೆ ಬಿದ್ದಿರಬೇಕು ಎಂದು ಕಾಗದ ಬಂತು.

ದೇಹ ಸಿಗದಿದ್ದರೆ ಹನ್ನೆರಡು ವರ್ಷ ಕಾಯಬೇಕು ಎನ್ನುತ್ತಾರೆ ನಮ್ಮಲ್ಲಿ. ನಾನು ಎರಡು ವರ್ಷ ಕಾದೆ. "ಅವ ಸಾಯ್ಲಿಲ್ಲ. ನಿನ್ ದಮ್ಮಯ್ಯ, ಎಳ್ಳುನೀರು ಬಿಡ್ಬೇಡ ಮಗಾ" ಎಂದು ಅಮ್ಮ ಕೈ ಹಿಡಿದುಕೊಂಡಳು. ಅವಳ ಕಾಯುವಿಕೆ ನಿಲ್ಲಲಿ ಎಂದೇ ನಾನು ದರ್ಭೆಯ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಿದೆ. ಆಮೇಲೂ ಅಮ್ಮ ಚಿಲಕ ಹಾಕಲಿಲ್ಲ. ಎರಡು ಸಲ ಕಳ್ಳರು ಪಾತ್ರೆ ಹೊತ್ತೊಯ್ದರು. ಬಾಗಿಲ ಕಡೆಗೇ ಮುಖ ಮಾಡಿಕೊಂಡು ಸತ್ತಳು.

ಮರುವರ್ಷ ನಾರಿನ ಬಗ್ಗೆ ಒಂದು ಸಮ್ಮೇಳನಕ್ಕೆಂದು ನನ್ನನ್ನು ಹವಾಯಿಗೆ ಕಳಿಸಿದರು. ಕೊನೆಯ ದಿನ ಕಡಲ ಪಕ್ಕದ ಜೀವಂತ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಗಾಜಿನ ಪೆಟ್ಟಿಗೆಗಳ ಬದಲು ಅಲ್ಲಿ ಸಮೋವಾ, ಟೋಂಗಾ, ತಾಹಿತಿ ದ್ವೀಪಗಳ ಗುಡಿಸಲುಗಳಿದ್ದವು. ಆಯಾ ದ್ವೀಪದವರೇ ಕೂತು ಚಾಪೆ ಹೆಣೆಯುತ್ತಿದ್ದರು, ಕಾಯಿ ಸುಲಿಯುತ್ತಿದ್ದರು. ಸುತ್ತ ಮರಳು, ತೆಂಗು, ಉಪ್ಪುಗಾಳಿ. ನಮ್ಮೂರು ಕುಂದಾಪುರದ ಕಡಲತಡಿಗೇ ಬಂದ ಹಾಗಿತ್ತು.

ಒಂದು ಗುಡಿಸಲಲ್ಲಿ ಮುದುಕನೊಬ್ಬ ತೊಡೆಯ ಮೇಲೆ ತೆಂಗಿನ ನಾರು ಹೊಸೆದು, ಆ ಹಗ್ಗದಿಂದ ದೋಣಿಯ ಹಲಗೆಗಳನ್ನು ಬಿಗಿಯುತ್ತಿದ್ದ. ಅವನ ಗಂಟುಗಳ ಸಾಲಿನಲ್ಲಿ ಒಂದು ಮಾತ್ರ ಬೇರೆ ಇತ್ತು. ಊರಲ್ಲಿ ನಮ್ಮ ಬಾವಿಹಗ್ಗದ ತುದಿಗೆ ವಾಸು ಹಾಕುತ್ತಿದ್ದ ಗಂಟು ಅದು. ಅವನು ಎಡಚ. ನಾರನ್ನು ಉಲ್ಟಾ ಹೊಸೆದು, ತುದಿಯನ್ನು ಎರಡು ಸಲ ಒಳಗೆ ತೂರಿಸುತ್ತಿದ್ದ. ಬೇರೆ ಯಾರೂ ಹಾಗೆ ಹಾಕಿದ್ದನ್ನು ನಾನು ಕಂಡಿಲ್ಲ.

ಇದು ನಿಮ್ಮದೇ ಗಂಟೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಅಲ್ಲ. ಈಗಷ್ಟೇ ಒಬ್ಬ ಬಂದು ಹಾಕಿದ. ನಿಮ್ಮದೇ ಮುಖ. ಕಡಲ ಕಡೆ ಹೋದ" ಎಂದ ಮುದುಕ.

ಓಡಿದೆ. ದಂಡೆಯುದ್ದಕ್ಕೂ ನಡೆದು, ನಾಚಿಕೆ ಬಿಟ್ಟು ವಾಸುವಿನ ಹೆಸರು ಕೂಗಿದೆ. ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಪ್ರವಾಸಿಗರು ತಲೆಯೆತ್ತಿ ನೋಡಿದರು, ಅಷ್ಟೇ. ಮರಳಿ ಬಂದು ಗಂಟು ಮುಟ್ಟಿದೆ. ಒದ್ದೆಯಾಗಿತ್ತು. ಎಳೆಗಳ ಸಂದಿನಲ್ಲಿ ನಾಲ್ಕೈದು ಕರಿ ಎಳ್ಳು ಸಿಕ್ಕಿಕೊಂಡಿದ್ದವು. ನನ್ನ ಮುಖ ನೋಡಿ ಮುದುಕ ಆ ಗಂಟಿದ್ದಷ್ಟು ಹಗ್ಗ ಕತ್ತರಿಸಿ ಕೊಟ್ಟ.

ಜತೆಗಿದ್ದ ಬಂಗಾಳಿ ಸಹೋದ್ಯೋಗಿ, ಇಲ್ಲಿಯ ಜಪಾನೀಯರು ಅನ್ನದ ಮೇಲೆ ಕರಿ ಎಳ್ಳು ಉದುರಿಸಿ ತಿನ್ನುತ್ತಾರೆ, ಯಾರದೋ ಬುತ್ತಿಯಿಂದ ಬಿದ್ದಿರಬೇಕು ಎಂದ. ಇರಬಹುದು. ಆದರೆ ಗಂಟು?

ವಾಸು ಸತ್ತಿದ್ದರೆ, ನಾನು ಬಿಟ್ಟ ಎಳ್ಳು ಅವನಿಗೆ ತಲುಪಿದೆ. ಬದುಕಿದ್ದರೆ, ಬಾಗಿಲು ತೆರೆದಿಟ್ಟು ಕಾಯುತ್ತಾಳೆಂದು ಗೊತ್ತಿದ್ದೂ ಒಂದು ಸಾಲು ಬರೆಯದೆ ಅಮ್ಮನನ್ನು ಸಾಯಲು ಬಿಟ್ಟ. ಬದುಕಿರುವ ತಮ್ಮನಿಗೆ ನನ್ನ ಕೈಯಿಂದಲೇ ಪಿಂಡ ಇಡಿಸಿದ. ಇಂಥ ಮೋಸ ನನಗೆ ಇನ್ನಾರೂ ಮಾಡಿಲ್ಲ. ದೆವ್ವ ಎಂದರೆ ನಗುತ್ತಿದ್ದ ನಾನು, ಅದು ದೆವ್ವವೇ ಆಗಿರಲಿ ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ.

ಆ ತುಂಡು ಹಗ್ಗ ಮೇಜಿನ ಖಾನೆಯಲ್ಲಿದೆ. ಭೂತಗನ್ನಡಿಯಲ್ಲಿ ನೋಡಿದ್ದೇನೆ, ಅದರಿಂದ ಏನೂ ತಿಳಿಯಲಿಲ್ಲ. ಈ ಸಲದ ಮಹಾಲಯಕ್ಕೂ ಗಂಗೆಯಲ್ಲಿ ಸೊಂಟಮಟ್ಟ ನಿಂತು ಅಪ್ಪನ ಹೆಸರು ಹೇಳಿದೆ, ಅಮ್ಮನ ಹೆಸರು ಹೇಳಿದೆ. ವಾಸುವಿನ ಸರದಿ ಬಂದಾಗ ಎಳ್ಳನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. "ತಾಡಾತಾಡಿ ಕೊರುನ್, ದಾದಾ" ಎಂದು ಹಿಂದಿದ್ದವರು ಅವಸರಪಡಿಸಿದರು. ನಾನು ಮುಷ್ಟಿ ಬಿಚ್ಚಲಿಲ್ಲ. ಅವನ ಪಾಲಿನ ಎಳ್ಳನ್ನು ಹಾಗೇ ಮನೆಗೆ ತಂದೆ.